ಮೋಟರ್ ಸತ್ತದ ಅಂತ ಖಾತ್ರಿ ಆಗೋತನ ಕಾರಿನ ಎಸಿ ಫ್ಯಾನ್ ತರಬ್ಯಾಡ್ರಿ!

ನಮಸ್ಕಾರ್ರಿ. ಹೋದ ವಿಡಿಯೋದ ಕೆಳಗ ಒಬ್ರು ಬರದಾರ: "ಎಸಿ ಫ್ಯಾನ್ ತಿರಗಲಿಲ್ಲಂದ್ರ ಹೊಸಾದು ಹಾಕಿದ್ರ ಮುಗೀತು, ಇಷ್ಟ್ಯಾಕ ತಲಿ ತಿಂತೀರಿ?" ಹೆಂಗ ಮುಗೀತದ್ರಿ? ಫ್ಯೂಸ್ ನೋಡೀರಿ? ರಿಲೇ, ಅಂದ್ರ ಫ್ಯಾನಿಗಿ ಕರೆಂಟ್ ಬಿಡೋ ಸ್ವಿಚ್ಚು, ನೋಡೀರಿ? ಏನೂ ನೋಡ್ದೇ ರೊಕ್ಕ ಎಣಿಸಿ ಕೊಡ್ತೀರಿ!

ಗಾಡಿ ಓಡೂವಾಗ ಎದುರುಗಾಳಿನೇ ಕಂಡೆನ್ಸರ್, ಅಂದ್ರ ಎಸಿ ಬಿಸಿ ಹೊರಗ ಹಾಕೋ ಮುಂದಿನ ಜಾಳಗಿ, ತಂಪು ಮಾಡ್ತದ. ನಿಂತಾಗ ಆ ಕೆಲಸ ಈ ಫ್ಯಾನಿಂದು. ನಮ್ಮ ಕಲಬುರಗಿ ಹುಮನಾಬಾದ್ ರೋಡಿನ ಮ್ಯಾಲ ಓಡೂವಾಗ ತಂಪು ಬರ್ತದ, ಸೂಪರ್ ಮಾರ್ಕೆಟ್ ಗದ್ದಲದಾಗ ನಿಂತ ಕೂಡ್ಲೆ ಬಿಸಿಗಾಳಿ ಹೊಡೀತದ ಅಂದ್ರ ಫ್ಯಾನಿನ ಮ್ಯಾಲ ಅನುಮಾನ ಪಡ್ರಿ. ಕಲಬುರಗಿ ಬ್ಯಾಸಗಿ 42 ಡಿಗ್ರಿ ದಾಟ್ತದ, ಆ ಬಿಸಲಾಗ ಫ್ಯಾನ್ ನಿಂತ್ರ ಇಂಜಿನ್ ಕಾಯಲಕ್ಕ ಭಾಳ ಹೊತ್ತು ಬೇಕಿಲ್ಲ. ಆದ್ರ ಅನುಮಾನ ಬ್ಯಾರೆ, ಖಾತ್ರಿ ಬ್ಯಾರೆ!

ಖಾತ್ರಿ ಹೆಂಗ? ಫ್ಯಾನಿಗಿ ಎರಡೇ ವೈರ್ ಇದ್ರ ಕನೆಕ್ಟರ್ ಬಿಚ್ಚಿ, ಫ್ಯೂಸ್ ಹಾಕಿದ ವೈರಿಂದ ಬ್ಯಾಟರಿ 12 ವೋಲ್ಟ್ ಸೀದಾ ಕೊಡ್ರಿ. ಕೈ ದೂರ ಇಡ್ರಿ. ಜೋರಾಗಿ ತಿರಗ್ತು? ಮೋಟರ್ ಜೀವಂತ ಅದ! ಈಗ ಫ್ಯೂಸ್ ನೋಡ್ರಿ. ರಿಲೇ ಮ್ಯಾಲ ಅನುಮಾನ ಇದ್ರ, ಅದೇ ನಂಬರಿಂದು ಹಾರ್ನ್ ರಿಲೇ ಇತ್ತಂದ್ರ ಅದಲು ಬದಲು ಮಾಡಿ ನೋಡ್ರಿ. ಕನೆಕ್ಟರ್ ಒಳಗ ಟಾರ್ಚ್ ಬಿಡ್ರಿ. ಪಿನ್ ಕರ್ರಗ ಆಗಿ ಪ್ಲಾಸ್ಟಿಕ್ ಕರಗಿತ್ತಂದ್ರ ಅಲ್ಲೇ ಅದ ರೋಗ. ಅದೇ ಸುಟ್ಟ ಪಿನ್ನಿಗಿ ಹೊಸಾ ಫ್ಯಾನ್ ಸಿಗಿಸಿದ್ರ ಅದೂ ನಿಲ್ಲತದ.

"ಮೆಕ್ಯಾನಿಕ್ ಹೇಳಿದಾರ" ಅಂತೀರಿ. ಹೇಳ್ಲಿ! ನಿಮ್ಮ ಮುಂದ ತಿರಗ್ಸಿ ತೋರಸ್ರಿ ಅನ್ರಿ. ಅದಕ್ಕ ನಾಚಿಕಿ ಯಾಕ್ರಿ? ಗಾಡಿ ನಿಮ್ದು, ರೊಕ್ಕ ನಿಮ್ದು!

ಸೀದಾ ಕರೆಂಟ್ ಕೊಟ್ರೂ ತಿರಗಲಿಲ್ಲ, ಇಲ್ಲಾ ಗರಗರ ಅಂತ ಸಿಗಿಬಿತ್ತು, ಆಗ ಬದಲ್ಸ್ರಿ, ಮನ್ಯಾಗೇ ಬದಲ್ಸ್ರಿ. ಇಂಜಿನ್ ತಣ್ಣಗಿರ್ಲಿ, ಬ್ಯಾಟರಿ ಮೈನಸ್ ಬಿಚ್ಚ್ರಿ, ಯಾಕಂದ್ರ ಭಾಳ ಗಾಡಿಯೊಳಗ ಚಾವಿ ತೆಗದ ಮ್ಯಾಲೂ ಫ್ಯಾನ್ ಚಾಲೂ ಆಗ್ತದ. ಹೊಸಾದು ಕೂಡ್ಸಿ, ಬ್ಯಾಟರಿ ಮೈನಸ್ ಮತ್ತ ಹಚ್ಚಿ, ಗಾಡಿ ಚಾಲೂ ಮಾಡಿ, ಎಸಿ ಹಾಕಿ, ಗ್ರಿಲ್ಲಿನ ಮುಂದ ಹಾಳಿ ಹಿಡೀರಿ. ಒಳಗ ಎಳಕೋಬೇಕು. ಹೊರಗ ದೂಡ್ತು ಅಂದ್ರ ವೈರ್ ತಿರುಮುರುವು ಆಗ್ಯಾವ.

ಬರದವ್ರಿಗಿ ಮತ್ತೊಮ್ಮಿ ಹೇಳ್ತೀನಿ: ಮೊದಲ ನೋಡ್ರಿ! ಆಮ್ಯಾಲ ತರ್ರಿ! ನೋಡ್ರಿ, ಆಮ್ಯಾಲ ತರ್ರಿ! ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ, ನಿಮ್ಮ ಗಾಡಿ ಫ್ಯಾನಿಗಿ ಎಷ್ಟು ವೈರ್ ಅವ ಅಂತ ಕೆಳಗ ಬರೀರಿ. ಎರಡಕ್ಕಿಂತ ಹೆಚ್ಚ ಇದ್ರ ಸೀದಾ ಕರೆಂಟ್ ಕೊಡಬ್ಯಾಡ್ರಿ, ಅದರ ವಿಡಿಯೋ ಬ್ಯಾರೆ ಮಾಡ್ತೀನಿ.