ಕಾಡಿಗೆ ಬಿಟ್ಟುಕೊಟ್ಟ ಜಾಗ

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿಯಿತೆಂದರೆ ಕಂಪನಿಗಳ ಬಸ್ಸುಗಳು ಗುಡ್ಡದ ಬುಡಕ್ಕೆ ಬಂದು ನಿಲ್ಲುತ್ತವೆ. ಗುಂಡಿ ಮೊದಲೇ ತೋಡಿರುತ್ತದೆ. ಮಧ್ಯಾಹ್ನದ ಊಟದೊಳಗೆ ಸಾವಿರ ಸಸಿ ನೆಟ್ಟಾಗಿರುತ್ತದೆ. ಅಂಥದೊಂದು ದಿನ ನಾನೂ ಕೈ ಕೆಸರು ಮಾಡಿಕೊಂಡಿದ್ದೆ. ಆ ಖುಷಿ ಸುಳ್ಳಲ್ಲ. ಆದರೆ ಎರಡು ವರ್ಷ ಬಿಟ್ಟು ಅದೇ ಗುಡ್ಡ ಹತ್ತಿದಾಗ ಎದೆಯೆತ್ತರ ಲಂಟಾನ ಬೆಳೆದಿತ್ತು. ನಾನು ನೆಟ್ಟ ಹೊನ್ನೆಗೆ ಕಟ್ಟಿದ್ದ ಕೋಲು ಸಿಕ್ಕಿತು, ಗಿಡ ಸಿಗಲಿಲ್ಲ. ಕಳೆ ತೆಗೆಯಲು ಯಾರನ್ನೂ ನೇಮಿಸಿರಲಿಲ್ಲ, ಅದಕ್ಕೆಂದು ದುಡ್ಡೂ ಇಟ್ಟಿರಲಿಲ್ಲ.

ಅಂದಿನಿಂದ ಯಾವುದೇ ಕಂಪನಿ ಕಾಡು ಬೆಳೆಸುತ್ತೇವೆ ಎಂದರೆ ನಾನು ಸಸಿಯ ಲೆಕ್ಕ ಕೇಳುವುದಿಲ್ಲ. ಜಾಗ ಎಲ್ಲಿ ಬಿಟ್ಟುಕೊಡುತ್ತೀರಿ, ಎಷ್ಟು ವರ್ಷ ನೋಡಿಕೊಳ್ಳುತ್ತೀರಿ ಎಂದು ಕೇಳುತ್ತೇನೆ.

ಇದಕ್ಕೆ ನಾನು ಕಂಡಂತೆ ಒಳ್ಳೆಯ ಉತ್ತರ ಇರುವುದು ತಮಿಳುನಾಡಿನ ಆನೆಮಲೆಯ ವಾಲ್ಪಾರೈಯಲ್ಲಿ. ಸುಮಾರು 220 ಚದರ ಕಿಲೋಮೀಟರಿನ ಆ ಪ್ರಸ್ಥಭೂಮಿಯ ಮಳೆಕಾಡನ್ನು ಬ್ರಿಟಿಷರ ಕಾಲದಲ್ಲಿ ಕಡಿದು ಚಹಾ, ಕಾಫಿ ಹಾಕಿದರು. ಉಳಿದದ್ದು ತೋಟಗಳ ನಡುವೆ ದ್ವೀಪಗಳಂತೆ ನಿಂತ ತುಂಡು ಕಾಡುಗಳು. ಸಿಂಗಳೀಕಗಳು, ಮಂಗಟ್ಟೆ ಹಕ್ಕಿಗಳು ಅವುಗಳಲ್ಲೇ ಬದುಕು ಕಟ್ಟಿಕೊಂಡಿವೆ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ವನ್ಯಜೀವಿ ಸಂಶೋಧನಾ ಸಂಸ್ಥೆಯ ದಿವ್ಯಾ ಮುದ್ದಪ್ಪ ಮತ್ತು ಶಂಕರ್ ರಾಮನ್ 2000ದ ದಶಕದ ಆರಂಭದಲ್ಲಿ ಅಲ್ಲಿನ ತೋಟದ ಕಂಪನಿಗಳ ಜೊತೆ ಮಾತಿಗೆ ಕೂತರು. ಪ್ಯಾರಿ ಆಗ್ರೋ, ಟಾಟಾ ಕಾಫಿಯಂಥ ಕಂಪನಿಗಳು ತಮ್ಮ ತೋಟದೊಳಗಿನ ಕಾಡಿನ ತುಂಡುಗಳನ್ನು ಕಾಡಾಗಿಯೇ ಉಳಿಸಲು ಒಪ್ಪಿದವು. ಚಹಾ ಹಾಕಿದರೆ ದುಡ್ಡು ತರುವ ನೆಲವದು. ಅದನ್ನು ಬಿಟ್ಟುಕೊಡುವುದಿದೆಯಲ್ಲ, ಅದು ಬಸ್ಸಿನಲ್ಲಿ ಬಂದು ಹೋಗುವವರಿಗೆ ಆಗುವ ಕೆಲಸವಲ್ಲ.

ಆಮೇಲಿನದು ತಾಳ್ಮೆಯ ಕೆಲಸ. ಬೀಜಕ್ಕಾಗಿ ಒಳಕಾಡಿಗೆ ಕೈ ಹಾಕಲಿಲ್ಲ. ರಸ್ತೆ ಬದಿಯಲ್ಲಿ, ತೋಟದಲ್ಲಿ ಉದುರಿದ್ದನ್ನು ಆಯ್ದರು. ಟಾರಿನ ಮೇಲೆ ಬಿದ್ದದ್ದು ಹೇಗೂ ಮೊಳೆಯುವುದಿಲ್ಲ. ರಾಗಿ ಬೀಜವನ್ನಾದರೆ ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡಬಹುದು. ಮಳೆಕಾಡಿನ ಬಹಳಷ್ಟು ಮರಗಳ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು, ನೆಡುವಷ್ಟು ಬೆಳೆಯುವವರೆಗೆ ನರ್ಸರಿಯಲ್ಲಿ ಸಾಕಬೇಕು. ಧೂಪ, ನಾಗಸಂಪಿಗೆ, ಕಾಡುನೇರಳೆ ಎಲ್ಲವಕ್ಕೂ ಬೇರೆ ಬೇರೆ ಕಾಲ, ಬೇರೆ ಬೇರೆ ಆರೈಕೆ. ಜೂನ್ 5ರ ಪರಿಸರ ದಿನಕ್ಕೆ ಮೇ ತಿಂಗಳಲ್ಲಿ ಫೋನ್ ಮಾಡಿ ಸಸಿ ಕೇಳಿದರೆ ನರ್ಸರಿಯಲ್ಲಿ ಏನಿದೆಯೋ ಅದು ಸಿಗುತ್ತದೆ, ಆ ಜಾಗದ ಕಾಡು ಸಿಗುವುದಿಲ್ಲ.

ನೆಡುವ ಮೊದಲು ಲಂಟಾನ ಕೀಳಬೇಕು. ಅದರ ಅಡಿಯಲ್ಲಿ ತಾನಾಗಿ ಹುಟ್ಟಿದ ಕಾಡಿನ ಸಸಿಗಳನ್ನು ಉಳಿಸಿಕೊಂಡೇ ಕೀಳಬೇಕು. ಜೆಸಿಬಿಗೆ ಆ ಕಣ್ಣಿಲ್ಲ.

2019ರಲ್ಲಿ ಪ್ರಕಟವಾದ ಅಧ್ಯಯನವೊಂದು 7ರಿಂದ 15 ವರ್ಷ ಹಿಂದೆ ಹೀಗೆ ನೆಟ್ಟ ಜಾಗಗಳನ್ನು ಅಳೆದು ನೋಡಿತು. ಸುಮ್ಮನೆ ಬಿಟ್ಟ ಜಾಗಕ್ಕಿಂತ ಅಲ್ಲಿ ಮರಗಳೂ ಹೆಚ್ಚು, ಬಗೆಗಳೂ ಹೆಚ್ಚು, ಹಿಡಿದಿಟ್ಟ ಇಂಗಾಲವೂ ಹೆಚ್ಚು. ದೊಡ್ಡ ಕಾಡಿನಿಂದ ದೂರ ಉಳಿದ ತುಂಡುಗಳಲ್ಲಿ ಈ ಲಾಭ ಇನ್ನೂ ಎದ್ದು ಕಂಡಿತು.

ದುಡ್ಡಿಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ. 2021ರ ನಿಯಮದಂತೆ ಒಂದು ಯೋಜನೆಯನ್ನು ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಮೂರು ಮಳೆಗಾಲದ ಕಳೆ ಕೀಳಲು ಅಷ್ಟು ಸಾಕು. ಮಾರ್ಚ್ 31ರೊಳಗೆ ಮುಗಿಸುವ ಆತುರ ಯಾಕೆ?

ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂದಿದೆ. ಬೆಳೆಗಾರರನ್ನು ದೂರಲಾರೆ. ಅದು ಬೇಗ ಬೆಳೆಯುತ್ತದೆ, ಕಡಿದು ಮಾರುವುದು ಸುಲಭ, ಮೆಣಸಿನ ಬಳ್ಳಿಗೂ ಆಗುತ್ತದೆ. ಆದರೆ ಕಾಫಿ ಕೊಳ್ಳುವ ಕಂಪನಿಗಳು ಕಾಡುಮರದ ನೆರಳು ಉಳಿಸಿಕೊಂಡ ತೋಟಕ್ಕೆ ಕಿಲೋಗೆ ನಾಲ್ಕು ಕಾಸು ಹೆಚ್ಚು ಕೊಡಲಿ, ಅತ್ತಿ, ಬಸರಿ ಅಲ್ಲೇ ನಿಲ್ಲುತ್ತವೆ. ಹಣ್ಣು ಬಿಟ್ಟ ಬಸರಿಗೆ ಮಂಗಟ್ಟೆಯನ್ನು ಯಾರೂ ಕರೆಯಬೇಕಿಲ್ಲ. ಬಂದು ಕೂತು, ಎಲ್ಲೋ ನುಂಗಿದ್ದ ಧೂಪದ ಬೀಜವನ್ನು ಅಲ್ಲೇ ಉಗುಳಿ ಹೋಗುತ್ತದೆ.

ನಮಸ್ಕಾರ.