ಗಾಢ ನಿದ್ದೆ ಮಣಿಕಟ್ಟಿನಲ್ಲಿ ಇರುವುದಿಲ್ಲ

ಕೇಳುಗರಿಗೆಲ್ಲ ನಮಸ್ಕಾರ. ನಿದ್ದೆಯ ಹಂತಗಳನ್ನು ಹೇಗೆ ಅಳೆಯುತ್ತಾರೆ, ಸುಲಭವಾಗಿ ಹೇಳಿ ಅಂತ ನನ್ನನ್ನು ಕರೆದು ಕೂರಿಸಿದ್ದಾರೆ. ಈಗ ಕೇಳುತ್ತಿರುವವರು ಯಾರು ಅಂತ ನನಗೆ ಗೊತ್ತು ಬಿಡಿ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ಮುಖ ತೊಳೆಯುವ ಮೊದಲೇ, ಕೈಗೆ ಕಟ್ಟಿದ ಸ್ಮಾರ್ಟ್ ವಾಚ್ ನೋಡುವವರು. 'ಗಾಢ ನಿದ್ದೆ 42 ನಿಮಿಷ' ಅಂತ ಅದು ತೋರಿಸುತ್ತದೆ. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದವರು ಅದನ್ನು ನೋಡಿದ ಮೇಲೆ ಸುಸ್ತಾಗುತ್ತೀರಿ, ಅಲ್ವಾ?

ಹಾಗಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿದ್ದೆಯ ಹಂತ ಗೊತ್ತಾಗಬೇಕಾದರೆ ಮೂರು ಕಡೆ ತಂತಿ ಅಂಟಿಸಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ. ತಲೆ, ಕಣ್ಣು, ಗದ್ದ. ಈ ಪಟ್ಟಿಯಲ್ಲಿ ಮಣಿಕಟ್ಟು ಇಲ್ಲ, ಗಮನಿಸಿ.

ತಲೆಯದು ಸುಲಭ. ಎಚ್ಚರವಾಗಿದ್ದು ಸುಮ್ನೆ ಕಣ್ಣು ಮುಚ್ಚಿದರೆ ಮಿದುಳಿನ ವಿದ್ಯುತ್ ಅಲೆ ಸೆಕೆಂಡಿಗೆ 8ರಿಂದ 13 ಸಲ ಏಳುತ್ತದೆ. ಮಂಪರು ಹತ್ತಿದಾಗ ಅದು ಕರಗಿ ನಿಧಾನವಾಗುತ್ತದೆ, ಕಣ್ಣುಗುಡ್ಡೆ ಮೆಲ್ಲಗೆ ಆ ಕಡೆ ಈ ಕಡೆ ತೇಲುತ್ತದೆ. ಇದು ಒಂದನೇ ಹಂತ. ಇಲ್ಲಿ ಎಬ್ಬಿಸಿ ನೋಡಿ, 'ನಾನೆಲ್ಲಿ ಮಲಗಿದ್ದೆ?' ಅಂತ ನಿಮಗೇ ಜೋರು ಮಾಡುತ್ತಾರೆ. ಎರಡನೇ ಹಂತದಲ್ಲಿ ನೂಲುವ ಕದಿರಿನ ಆಕಾರದ ಅಲೆ ಬರುತ್ತದೆ, ತುದಿ ಎರಡೂ ಸಪೂರ, ನಡುವೆ ದಪ್ಪ. ನಮ್ಮ ರಾತ್ರಿಯ ಹೆಚ್ಚುಕಡಿಮೆ ಅರ್ಧ ಹೋಗುವುದು ಇದರಲ್ಲೇ. ಮೂರನೆಯದು ನಿಮ್ಮ ಪ್ರೀತಿಯ ಗಾಢ ನಿದ್ದೆ. ಎತ್ತರದ, ಸೋಮಾರಿ ಅಲೆಗಳು, ಸೆಕೆಂಡಿಗೆ ಎರಡನ್ನು ದಾಟುವುದಿಲ್ಲ.

ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡು ಮಾಡಿ, ಒಂದೊಂದು ತುಂಡಿಗೂ ಒಂದು ಹಂತ ಅಂತ ನಿದ್ದೆ ಪರೀಕ್ಷೆ ಮಾಡುವ ನಾವು ಬರೆಯುತ್ತೇವೆ. 30 ಯಾಕೆ ಅಂದರೆ, ಹಿಂದೆ ಈ ಅಲೆಗಳನ್ನು ಪೆನ್ನಿನಿಂದ ಗೀಚುವ ಯಂತ್ರದಲ್ಲಿ ಕಾಗದ ಸೆಕೆಂಡಿಗೆ ಒಂದು ಸೆಂಟಿಮೀಟರ್ ಓಡುತ್ತಿತ್ತು, ಹಾಳೆಯ ಅಗಲ 30 ಸೆಂಟಿಮೀಟರ್. ಅಷ್ಟೇ ಕಾರಣ! ಎಂಟು ಗಂಟೆ ನಿದ್ದೆಗೆ 960 ಹಾಳೆ, ಉದ್ದಕ್ಕೆ ಹಾಸಿದರೆ 288 ಮೀಟರ್. ಈಗ ಎಲ್ಲ ಕಂಪ್ಯೂಟರಿನಲ್ಲಿ, ಆದರೂ ತುಂಡು ಮಾತ್ರ ಅದೇ 30 ಸೆಕೆಂಡು.

ಕಣ್ಣಿಗೆ ಯಾಕೆ ತಂತಿ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಈ ಕತೆ ನನಗೆ ಬಹಳ ಇಷ್ಟ. 1951ರ ಚಳಿಗಾಲ, ಶಿಕಾಗೋ ವಿಶ್ವವಿದ್ಯಾಲಯ. ಯೂಜೀನ್ ಆಸೆರಿನ್‌ಸ್ಕಿ ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿ. ಹೆಂಡತಿ ಮಕ್ಕಳ ಸಂಸಾರ, ಕೈಯಲ್ಲಿ ಕಾಸಿಲ್ಲ. ಯಾರೂ ಮುಟ್ಟದೆ ಬಿಟ್ಟಿದ್ದ ಅಂಥದೇ ಒಂದು ಹಳೇ ಯಂತ್ರ ಸಿಕ್ಕಿತು. ಮಲಗಲು ಯಾರು ಬರುತ್ತಾರೆ? ಎಂಟು ವರ್ಷದ ಸ್ವಂತ ಮಗನನ್ನೇ ಕರೆತಂದು, ತಲೆಗೂ ಕಣ್ಣಿನ ಸುತ್ತಲೂ ತಂತಿ ಅಂಟಿಸಿ ಮಲಗಿಸಿದರು. ತಾವು ಪಕ್ಕದ ಕೋಣೆಯಲ್ಲಿ ಪೆನ್ನುಗಳನ್ನು ನೋಡುತ್ತ ಕೂತರು. ರಾತ್ರಿ ಎಷ್ಟೋ ಹೊತ್ತಿನ ಮೇಲೆ ಪೆನ್ನುಗಳು ಇದ್ದಕ್ಕಿದ್ದಂತೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿದವು. ಹುಡುಗ ಎದ್ದ ಅಂದುಕೊಂಡು ಒಳಗೆ ಹೋಗಿ ನೋಡುತ್ತಾರೆ, ಮಗ ಕಣ್ಣು ಮುಚ್ಚಿ ಹಾಯಾಗಿ ಮಲಗಿದ್ದಾನೆ!

ನೀವಾಗಿದ್ದರೂ ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಿದ್ದಿರಿ. ಅವರೂ ಅದನ್ನೇ ಅಂದುಕೊಂಡರು, ಬಿಚ್ಚಿ ಹುಡುಕಿದರು, ಕೊನೆಗೆ ಎರಡು ಕಣ್ಣಿಗೂ ಬೇರೆ ಬೇರೆ ಪೆನ್ನು ಕೊಟ್ಟು ನೋಡಿದರೆ ಕಣ್ಣು ನಿಜವಾಗಿಯೂ ಓಡುತ್ತಿದೆ. ಗುರು ನಥಾನಿಯೆಲ್ ಕ್ಲೈಟ್‌ಮನ್ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ, ತಮ್ಮ ಮಗಳನ್ನೇ ಮಲಗಿಸಿ ಪರೀಕ್ಷೆ ಮಾಡಿಸಿದರು. ಕಣ್ಣು ಓಡುವ ಹೊತ್ತಿನಲ್ಲಿ ಜನರನ್ನು 27 ಸಲ ಎಬ್ಬಿಸಿ ಕೇಳಿದರು. 20 ಸಲ ಎದ್ದವರು ಕನಸು ಬೀಳುತ್ತಿತ್ತು ಅಂತ ವಿವರವಾಗಿ ಹೇಳಿದರು. 1953ರಲ್ಲಿ ಪ್ರಕಟವಾಯಿತು, ಆರ್‌ಇಎಂ ನಿದ್ದೆ ಅನ್ನುವ ಹೆಸರು ಬಂದದ್ದು ಈ ಓಡುವ ಕಣ್ಣಿನಿಂದಲೇ, 'ರಾಪಿಡ್ ಐ ಮೂವ್‌ಮೆಂಟ್', ಅಂದರೆ ಕಣ್ಣಿನ ವೇಗದ ಓಟ. ಕನಸಿನ ನಿದ್ದೆ ಅಂತ ನಾನು ಹೇಳುವುದೂ ಇದನ್ನೇ. ಇದಕ್ಕೂ ಮೊದಲು, 1937ರಲ್ಲೇ, ಅಮೆರಿಕದ ಸಂಶೋಧಕ ಲೂಮಿಸ್ ಮತ್ತು ಜೊತೆಯವರು ಮಿದುಳಿನ ಅಲೆ ನೋಡಿ ನಿದ್ದೆಗೆ ಐದು ಹಂತ ಮಾಡಿದ್ದರು. ಆ ಐದರಲ್ಲಿ ಕನಸಿನ ನಿದ್ದೆ ಇರಲಿಲ್ಲ ನೋಡಿ. ತಲೆ ಒಂದನ್ನೇ ನಂಬಿದರೆ ಹೀಗೆ.

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಇನ್ನು ಎರಡೇ ನಿಮಿಷ ಅಂತ. ಗದ್ದದ್ದು ಬೇಗ ಹೇಳುತ್ತೇನೆ. ಕನಸಿನ ನಿದ್ದೆಯಲ್ಲಿ ಮಿದುಳಿನ ಅಲೆ ಎಚ್ಚರದ ಹಾಗೇ ಕಾಣುತ್ತದೆ, ಕಣ್ಣೂ ಓಡುತ್ತಿರುತ್ತದೆ. ಹಾಗಾದರೆ ಎದ್ದಿದ್ದಾರೋ ಮಲಗಿದ್ದಾರೋ ಹೇಳುವುದು ಹೇಗೆ? ಗದ್ದದ ಸ್ನಾಯು ಹೇಳುತ್ತದೆ. ಕನಸಿನಲ್ಲಿ ಅದು ಪೂರ್ತಿ ಸಡಿಲ, ಗೆರೆ ಹೆಚ್ಚುಕಡಿಮೆ ಮಟ್ಟಸ. ಹಾಗಾಗಿ ತಲೆ, ಕಣ್ಣು, ಗದ್ದ, ಮೂರೂ ಬೇಕು.

1968ರಲ್ಲಿ ಇದಕ್ಕೆಲ್ಲ ಒಂದು ನಿಯಮದ ಪುಸ್ತಕ ಬಂತು, ಅದರಲ್ಲಿ ಗಾಢ ನಿದ್ದೆಗೇ ಎರಡು ಹಂತ ಇತ್ತು, 2007ರಲ್ಲಿ ಸೇರಿಸಿ ಒಂದು ಮಾಡಿದರು. ಆ ಜಗಳ ಇನ್ನೊಂದು ದಿನಕ್ಕಿರಲಿ.

ನಿಮ್ಮ ವಾಚು ನೋಡುವುದು ಕೈಯ ಅಲುಗಾಟ, ನಾಡಿ, ಅಷ್ಟೇ. ಅದರ ಮೇಲೆ ಹಂತವನ್ನು ಊಹಿಸುತ್ತದೆ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ ಅನ್ನುವುದಕ್ಕೆ ಪರವಾಗಿಲ್ಲ, ಇಟ್ಟುಕೊಳ್ಳಿ. ಆದರೆ ಆ 42 ನಿಮಿಷ ಹಿಡಿದುಕೊಂಡು ದಯವಿಟ್ಟು ನನ್ನ ಹತ್ತಿರ ಬರಬೇಡಿ. ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಹಗಲು ಕೂತಲ್ಲೇ ತೂಕಡಿಕೆ ಬರುತ್ತಿದ್ದರೆ ಖಂಡಿತ ಬನ್ನಿ, ತಂತಿ ಅಂಟಿಸುತ್ತೇವೆ.

ಇಷ್ಟೆಲ್ಲ ಅಂಟಿಸಿಕೊಂಡರೆ ನಿದ್ದೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ರಾತ್ರಿ ಸ್ವಲ್ಪ ಕೆಡುತ್ತದೆ ನಿಜ, ಆದರೂ ಬರುತ್ತದೆ. ಕೂದಲಿಗೆ ಹತ್ತಿದ ಅಂಟು ಬೆಳಿಗ್ಗೆ ಬಿಸಿನೀರಿಗೆ ಹೋಗುತ್ತದೆ. ನಮಸ್ಕಾರ.