ಕರಿ ಕಂಬಳಿ, ಬಿಳಿ ರುಮಾಲು

ಕೇಳುಗರಿಗೆ ನಮಸ್ಕಾರ.

ಫಿಲ್ಮ್ ಹಾಕಿ ಕಪ್ಪು-ಬಿಳುಪು ಫೋಟೋ ತೆಗೆಯಲು ಹೊರಟವರು ಮೊದಲು ಕೇಳುವುದು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಶಟರ್ ಸರಿಯಾಗಿ ಓಡಬೇಕು, ಒಳಗೆ ಬೆಳಕು ಸೋರಬಾರದು. ಅಷ್ಟಿದ್ದರೆ ಯಾವುದಾದರೂ ಆದೀತು. ಅಪ್ಪನ ಕಾಲದ್ದು ಬೀರುವಿನಲ್ಲಿದ್ದರೆ ಅದೇ ಸಾಕು. ನಿಜವಾಗಿ ಯೋಚಿಸಬೇಕಾದದ್ದು ನೀರಿನ ಬಗ್ಗೆ. ಹೌದು, ನಲ್ಲಿ ನೀರು.

ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕವೇ ಡೆವಲಪರ್. ಅದರಲ್ಲಿ ಫಿಲ್ಮ್ ಎಷ್ಟು ಹೊತ್ತು ಇರಬೇಕು ಎಂದು ಪೊಟ್ಟಣದ ಮೇಲೆ ಅಚ್ಚಾಗಿರುವ ಸಮಯ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಲೆಕ್ಕದ್ದು. ಚಳಿಯ ದೇಶದಲ್ಲಿ ಅದಕ್ಕೆ ನೀರು ಕಾಯಿಸಬೇಕಾಗುತ್ತದೆ. ನಮ್ಮ ರಾಯಚೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು ಸ್ನಾನಕ್ಕೇ ಬಿಸಿ ಜಾಸ್ತಿ, ಅಲ್ವಾ?

ಇಲ್ಫರ್ಡ್ ಕಂಪನಿಯ ಎಚ್‌ಪಿ5 ಫಿಲ್ಮನ್ನೇ ನೋಡಿ. ಐಡಿ-11 ಡೆವಲಪರಿಗೆ ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. 24 ಡಿಗ್ರಿಗೆ ಐದು ನಿಮಿಷ ಚಿಲ್ಲರೆ. 27ಕ್ಕೆ ಹೋದರೆ ನಾಲ್ಕು ನಿಮಿಷವೂ ಇಲ್ಲ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಡೆವಲಪರ್ ಎಲ್ಲ ಕಡೆ ಸಮನಾಗಿ ಹಿಡಿಯುವುದು ಕಷ್ಟ. ಆಕಾಶ ಪಟ್ಟೆ ಪಟ್ಟೆಯಾಗಿ ಬರುತ್ತದೆ. ಹಾಗಾಗಿ ನಮ್ಮ ಹವೆಗೆ ಒಂದು ಪಾಲು ಡೆವಲಪರಿಗೆ ಒಂದು ಪಾಲು ನೀರು ಬೆರೆಸುವುದೇ ಸರಿ. ಆಗ 20 ಡಿಗ್ರಿಗೆ 13 ನಿಮಿಷ, 24ಕ್ಕೆ ಸುಮಾರು 9 ನಿಮಿಷ. ಒಮ್ಮೆ ಬಳಸಿ ಚೆಲ್ಲಬೇಕು, ಮತ್ತೆ ತೆಗೆದಿಡಬಾರದು.

24 ಡಿಗ್ರಿಗೆ ತರುವುದು ಕಷ್ಟವಲ್ಲ. ಬಯಲುಸೀಮೆಯ ಒಣ ಹವೆಯಲ್ಲಿ ಹಿಂದಿನ ರಾತ್ರಿ ಮಣ್ಣಿನ ಮಡಕೆಗೆ ನೀರು ತುಂಬಿಟ್ಟರೆ ಚೆನ್ನಾಗಿ ತಣಿಯುತ್ತದೆ. ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ತೇವ. ಅಲ್ಲಿ ಮಡಕೆಯನ್ನು ನಂಬಬೇಡಿ. ಬಕೆಟ್ ನೀರಿಗೆ ಐಸ್ ಹಾಕಿ, ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. ಐಸನ್ನು ಡೆವಲಪರಿನೊಳಕ್ಕೇ ಹಾಕಿದರೆ ಅದು ತೆಳ್ಳಗಾಗುತ್ತದೆ. ತೊಳೆಯುವ ನೀರೂ ಹೆಚ್ಚು ಕಡಿಮೆ ಅಷ್ಟೇ ತಣ್ಣಗಿರಬೇಕು. ಇಲ್ಲದಿದ್ದರೆ ಫಿಲ್ಮಿನ ಮೇಲಿನ ಜೆಲಾಟಿನ್ ಸುಕ್ಕುಗಟ್ಟುವ ಭಯ ಇದೆ.

ಫಿಲ್ಮ್ ತೊಳೆಯಲು ನಲ್ಲಿ ಬಿಟ್ಟು ಅರ್ಧ ಗಂಟೆ ನಿಲ್ಲುವವರಿದ್ದಾರೆ. ಟ್ಯಾಂಕರಿಗೆ ದುಡ್ಡು ಕೊಡುವ ಬೆಂಗಳೂರಿನ ಮನೆಗಳಲ್ಲಿ ಇದು ನಡೆಯುವ ಮಾತಲ್ಲ. ಇಲ್ಫರ್ಡ್‌ನವರೇ ಹೇಳಿಕೊಟ್ಟ ಉಪಾಯ ಒಂದಿದೆ. ಡೆವಲಪಿಂಗ್ ಟ್ಯಾಂಕಿಗೆ, ಅಂದರೆ ಫಿಲ್ಮ್ ಹಾಕಿ ಡೆವಲಪ್ ಮಾಡುವ ಮುಚ್ಚಳದ ಡಬ್ಬಿಗೆ, ನೀರು ತುಂಬಿ ಐದು ಸಲ ಮಗುಚಿ, ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ. ಮೂರನೆಯ ನೀರಿಗೆ ಇಪ್ಪತ್ತು ಸಲ. ಅಷ್ಟೇ. ಒಂದು ರೋಲಿಗೆ ಸುಮಾರು ಒಂದು ಲೀಟರ್ ನೀರು ಸಾಕು. ಆದರೆ ಫಿಕ್ಸರ್, ಅಂದರೆ ಮೂಡಿದ ಚಿತ್ರವನ್ನು ಕೆಡದಂತೆ ನಿಲ್ಲಿಸುವ ದ್ರಾವಣ, ಫಿಲ್ಮನ್ನು ಗಟ್ಟಿಯಾಗಿಸುವ ಬಗೆಯದ್ದಾಗಿರಬಾರದು.

ಬೋರ್‌ವೆಲ್ ನೀರಾದರೆ ಇನ್ನೊಂದು ತೊಂದರೆ. ಒಣಗಿದ ಮೇಲೆ ನೆಗೆಟಿವ್ ತುಂಬ ಬಿಳಿ ಚುಕ್ಕೆ. ಇದಕ್ಕೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್, ತನ್ನಿ. ಕೊನೆಯ ಅದ್ದುವಿಕೆ ಅದರಲ್ಲಿ ಆಗಲಿ.

ಡೆವಲಪರ್ ಸಿಗಲಿಲ್ಲ ಎಂದರೆ ಕೆಲಸ ನಿಲ್ಲಿಸಬೇಕಾಗಿಲ್ಲ. 1927ರಲ್ಲಿ ಕೊಡಕ್ ಹೊರತಂದ ಡಿ-76 ಎಂಬ ಡೆವಲಪರಿನ ಪಾಕ ಗುಟ್ಟೇನಲ್ಲ. ಪೆನ್ನಿದ್ದರೆ ಬರೆದುಕೊಳ್ಳಿ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮುಕ್ಕಾಲು ಲೀಟರ್ ಬಿಸಿ ನೀರಿಗೆ ಇದೇ ಕ್ರಮದಲ್ಲಿ ಹಾಕಿ ಕರಗಿಸಿ, ಆಮೇಲೆ ಲೀಟರಿಗೆ ತುಂಬಿಸಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಪುಡಿ ಉಸಿರಿಗೆ ಹೋಗದಂತೆ ನೋಡಿಕೊಳ್ಳಿ.

ಈಗ ಬಿಸಿಲಿಗೆ ಬರೋಣ. ಬಾಗಲಕೋಟೆಯ ಕಡೆ, ಮೇ ತಿಂಗಳ ಮಟಮಟ ಮಧ್ಯಾಹ್ನ, ಒಬ್ಬರು ಹಿರಿಯ ಕುರಿಗಾಹಿ ನಿಂತಿದ್ದಾರೆ ಅಂದುಕೊಳ್ಳಿ. ಹೆಗಲ ಮೇಲೆ ಕರಿ ಕಂಬಳಿ. ತಲೆಗೆ ಬಿಳಿ ರುಮಾಲು. ಹಣೆಗೆ ಭಂಡಾರ, ಅದರ ನಡುವೆ ಕುಂಕುಮ. ಕಪ್ಪು-ಬಿಳುಪಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಬೆಳಕು ಅಳೆಯುವ ಮೀಟರು ತಾನು ನೋಡಿದ್ದನ್ನೆಲ್ಲ ನಡು ಬೂದು ಎಂದೇ ತಿಳಿಯುತ್ತದೆ. ಕಂಬಳಿಯ ಹತ್ತಿರ ಹೋಗಿ ಅಳೆದು, ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ, ಅಂದರೆ ಅದರ ಕಾಲು ಭಾಗದಷ್ಟೇ, ಬೆಳಕು ಕೊಡಿ. ಕಂಬಳಿ ಕಪ್ಪಾಗಿಯೇ ಇರುತ್ತದೆ, ಉಣ್ಣೆಯ ಎಳೆಯೂ ಕಾಣುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ, 400 ಇರುವ ಫಿಲ್ಮಿಗೆ ಮೀಟರನ್ನು 200ಕ್ಕೆ ಇಡಿ. ಫಿಲ್ಮಿನಲ್ಲಿ ಮೂಡದ ನೆರಳನ್ನು ಆಮೇಲೆ ಯಾವ ರಾಸಾಯನಿಕವೂ ತಂದುಕೊಡುವುದಿಲ್ಲ.

ಹಾಗಾದರೆ ರುಮಾಲಿನ ಗತಿ? ಅದನ್ನು ಡೆವಲಪ್ ಮಾಡುವಾಗ ಹಿಡಿಯಬೇಕು. ನೆರಳಿನ ಭಾಗ ಬೇಗ ತನ್ನ ಪಾಲು ಮುಗಿಸುತ್ತದೆ. ಬೆಳಕಿನ ಭಾಗ ಕೊನೆಯವರೆಗೂ ಗಟ್ಟಿಯಾಗುತ್ತಲೇ ಹೋಗುತ್ತದೆ. ಅದಕ್ಕೇ ಸಮಯವನ್ನು ಶೇಕಡಾ 15ರಿಂದ 20ರಷ್ಟು ಇಳಿಸಿ. 9 ನಿಮಿಷ ಇದ್ದದ್ದು ಏಳೂವರೆ ಆಗಲಿ. ಆಗುಂಬೆಯ ಮಳೆಯಲ್ಲಿ ಇದೆಲ್ಲ ತಿರುಗುಮುರುಗು. ಅಲ್ಲಿ ಬೆಳಕು ಮಂಕು. ಅದೇ ಎಚ್‌ಪಿ5 ಫಿಲ್ಮಿಗೆ ಮೀಟರನ್ನು 1600ಕ್ಕೆ ಇಟ್ಟು ತೆಗೆದು, ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ 14 ನಿಮಿಷ ಕೊಡಬಹುದು. ಒಂದೇ ರೋಲಿನಲ್ಲಿ ಬಾಗಲಕೋಟೆ, ಆಗುಂಬೆ ಎರಡನ್ನೂ ತುಂಬಿದರೆ ಮಾತ್ರ ಎರಡೂ ಕೆಡುತ್ತವೆ. ರೋಲ್ ಅರ್ಧ ಉಳಿದರೂ ಚಿಂತೆಯಿಲ್ಲ, ಬದಲಿಸಿ.

ಫಿಲ್ಟರ್ ವಿಷಯಕ್ಕೆ ಬಂದರೆ, ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತದೆ, ಮೋಡ ಎದ್ದು ಕಾಣುತ್ತದೆ. ಎಲ್ಲರಿಗೂ ಅದೇ ಇಷ್ಟ. ಆದರೆ ನಮ್ಮ ಕುರಿಗಾಹಿಯ ಹಣೆಯ ಕುಂಕುಮ ಬಿಳಿಚಿಕೊಂಡು ಹೋಗಿರುತ್ತದೆ! ಕೆಂಪು ಫಿಲ್ಟರ್ ಕೆಂಪು ಬೆಳಕನ್ನೇ ಒಳಗೆ ಬಿಡುವುದು. ಭಂಡಾರದ ಹಳದಿಯೂ ತಿಳಿಯಾಗುತ್ತದೆ. ಜನರ ಮುಖ ತೆಗೆಯುವಾಗ ತಿಳಿ ಹಸಿರು ಫಿಲ್ಟರ್ ವಾಸಿ. ಕುಂಕುಮ ದಟ್ಟವಾಗಿ ನಿಲ್ಲುತ್ತದೆ.

ಇನ್ನು ಪ್ರಿಂಟು, ಅಂದರೆ ನೆಗೆಟಿವ್ ಮೂಲಕ ಪೇಪರಿನ ಮೇಲೆ ಬೆಳಕು ಬಿಟ್ಟು ಚಿತ್ರ ಮೂಡಿಸುವುದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಪೇಪರ್ ಮಾಡುತ್ತಿದ್ದ ಕಾಲ ಹೋಯಿತು. ಈಗ ಕೊಳ್ಳುವುದು ಹೊರದೇಶದ ಪೇಪರ್. ಸುಮ್ನೆ ಅಂದಾಜಿಗೆ ಇಡೀ ಹಾಳೆ ಹಾಕಬೇಡಿ. ಎರಡು ಬೆರಳು ಅಗಲದ ತುಂಡು ಕತ್ತರಿಸಿ, ಬೆಳಕು ಬಿಡುವ ಹೊತ್ತನ್ನು ಐದೈದು ಸೆಕೆಂಡು ಹೆಚ್ಚಿಸುತ್ತ ಪರೀಕ್ಷೆ ಮಾಡಿ. ಆ ತುಂಡನ್ನು ರುಮಾಲು ಬೀಳುವ ಜಾಗದಲ್ಲೇ ಇಡಿ. ರುಮಾಲಿನ ನೆರಿಗೆ ಕಾಣುವಷ್ಟು ಹೊತ್ತೇ ನಿಮ್ಮ ಸಮಯ. ಆಮೇಲೆ ಕಂಬಳಿ ನೋಡಿ. ಅದು ಬೂದಿಬೂದಿಯಾಗಿದ್ದರೆ ಮಲ್ಟಿಗ್ರೇಡ್ ಫಿಲ್ಟರಿನ, ಅಂದರೆ ಪ್ರಿಂಟಿನ ಕಪ್ಪು-ಬಿಳುಪಿನ ಅಂತರ ಹೆಚ್ಚು ಕಡಿಮೆ ಮಾಡುವ ಫಿಲ್ಟರಿನ, ಸಂಖ್ಯೆ ಏರಿಸಿ, ಎಳೆ ಮುಚ್ಚಿಹೋಗಿದ್ದರೆ ಇಳಿಸಿ. ಎರಡಕ್ಕೂ ಸಮಯವನ್ನೇ ತಿರುಗಿಸುತ್ತ ಕೂತರೆ ಪೇಪರ್ ಪೊಟ್ಟಣ ಖಾಲಿ.

ಆರ್‌ಸಿ ಪೇಪರ್, ಅಂದರೆ ಪ್ಲಾಸ್ಟಿಕ್ ಲೇಪದ್ದು, ಎರಡು ನಿಮಿಷದಲ್ಲಿ ತೊಳೆದು ಮುಗಿಯುತ್ತದೆ, ಮಟ್ಟಸವಾಗಿ ಒಣಗುತ್ತದೆ. ಫೈಬರ್ ಪೇಪರಿನ ಕಪ್ಪಿಗೆ ಒಂದು ಆಳ ಇದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಹರಿಯುವ ನೀರು ಒಂದು ಗಂಟೆ ಬೇಕು. ಕಲಿಯುವಾಗ ಆರ್‌ಸಿ ಬಳಸಿ. ಗೋಡೆಗೆ ಹಾಕಲೇಬೇಕು ಎನಿಸಿದ ಒಂದೆರಡು ಚಿತ್ರಕ್ಕೆ ಮಾತ್ರ ಫೈಬರ್. ಅದು ಒಣಗಿದ ಮೇಲೆ ಕೊಂಚ ಕಪ್ಪಾಗುತ್ತದೆ ಎಂಬುದು ನೆನಪಿರಲಿ. ಹಸಿಯಾಗಿದ್ದಾಗ ಹೊಳೆಯುವ ರುಮಾಲು ಬೆಳಗ್ಗೆ ಮಂಕಾಗಿರುತ್ತದೆ. ಹಸಿ ಪ್ರಿಂಟು ಸ್ವಲ್ಪ ತಿಳಿಯಾಗಿದೆ ಎನಿಸಿದಾಗಲೇ ನಿಲ್ಲಿಸಿ.

ಕೊನೆಗೆ ಉಳಿಯುವುದು ಹಳೆ ಹೈಪೋ, ಅಂದರೆ ಬಳಸಿದ ಫಿಕ್ಸರ್. ಅದನ್ನು ಗಿಡಕ್ಕೆ, ಚರಂಡಿಗೆ ಸುರಿಯಬೇಡಿ. ಫಿಲ್ಮ್, ಪೇಪರಿನಿಂದ ಬಿಟ್ಟುಕೊಂಡ ಬೆಳ್ಳಿ ಅದರಲ್ಲೇ ಇರುತ್ತದೆ. ಹಿಂದೆ ಸ್ಟುಡಿಯೋಗಳಿಂದ ಅದನ್ನು ದುಡ್ಡು ಕೊಟ್ಟೇ ಒಯ್ಯುತ್ತಿದ್ದರು. ಮುಚ್ಚಳ ಭದ್ರವಾದ ಕ್ಯಾನಿನಲ್ಲಿ ಶೇಖರಿಸಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಎಟುಕದಂತೆ ಇಡಿ. ಕ್ಯಾನ್ ತುಂಬಿದಾಗ ಎಕ್ಸ್-ರೇ ಫಿಲ್ಮಿನಿಂದ ಬೆಳ್ಳಿ ತೆಗೆಯುವವರನ್ನು ವಿಚಾರಿಸಿ. ನಮಸ್ಕಾರ.